ಕುಬಸದ ದಿನ ಕಿತ್ತ ಎಲೆಗಳು

ಮಗಳ ಸ್ಕೂಟರಿನ ಸೀಟಿನ ಮೇಲೆ ಅಂಗೈಯಗಲದ ಒಂದು ಕೆಂಪು ಎಲೆ ಬಿದ್ದಿದೆ. ಎದುರಿನ ಬಾದಾಮಿ ಗಿಡದ್ದು. ಸದಾಶಿವ ಪೇಠೆಯಲ್ಲಿ ಚಳಿ ಇಳಿಯುವ ಹೊತ್ತಿಗೆ ಪ್ರತಿವರ್ಷ ಬೀಳುವಂಥದ್ದೇ. ಇವತ್ತು ಮಾತ್ರ ಎದೆ ಧಸಕ್ಕೆಂದಿತು. ಅವಳು ಮೊದಲ ಸಲ ಒಬ್ಬಳೇ ಊರಂಚಿನ ಘಾಟಿನ ಬುಡದ ಕಾತ್ರಜದತನಕ ಹೊರಟಿದ್ದಾಳೆ. ನಗಬೇಡಿ; ನನಗೂ ಈ ಎಲೆಗೂ ಹಳೆಯ ವ್ಯವಹಾರವಿದೆ.

ತೊಂಬತ್ತರ ದಶಕದಲ್ಲಿ, ಧಾರವಾಡದಿಂದ ಈ ಮರಾಠಿ ಶಹರಕ್ಕೆ ಬಂದ ಹೊಸದರಲ್ಲಿ, ಇಲ್ಲೇ ನಡುವೆ ಅಂಗಳವಿದ್ದ ಒಂದು ಹಳೆಯ ವಾಡೆಯಲ್ಲಿ ಬಾಡಿಗೆಗಿದ್ದೆವು. ಹೆಂಡತಿ ಸುಮಂಗಲಾ ಬಸುರಿ. ಹಿಂದಿನ ವರ್ಷ ಒಂದು ಬಸಿರು ನಿಲ್ಲದೆ ಹೋಗಿತ್ತು. ಹೀಗಾಗಿ ನಾನು ಅಂಜದ ವಸ್ತುವೇ ಇರಲಿಲ್ಲ: ಜಾರುವ ಬಚ್ಚಲು, ರಿಕ್ಷಾದ ಕುಲುಕಾಟ, ಮನೆಮಾಲೀಕರ ಬೆಕ್ಕು. ಅಂಗಳದ ಬಾದಾಮಿ ಗಿಡ ಕೆಂಪಾಗತೊಡಗಿದಾಗ ಅದೂ ಸೇರಿಕೊಂಡಿತು. ಊರಲ್ಲಿ ಬೇವು ಹಳದಿಯಾಗಿ ಉದುರುವುದನ್ನು ಕಂಡಿದ್ದೆ. ಎಲೆಗೆ ರಕ್ತದ ಬಣ್ಣ ಬರುವುದನ್ನು ಕಂಡಿರಲಿಲ್ಲ.

ಸುಮಂಗಲಾ ಬಿಎಸ್ಸಿಗೆ ಸಸ್ಯಶಾಸ್ತ್ರ ಓದಿದವಳು. "ಬ್ಯಾಸಗಿಗೆ ನೀರು ಸಾಲೂದಿಲ್ಲಂತ ಗಿಡ ಮೊದಲ ತಯಾರಿ ಮಾಡ್ಕೋತದ್ರಿ. ಎಲಿಯೊಳಗಿನ ಸತ್ವ ಟೊಂಗಿಗೆ ಜಗ್ಗಿಕೋತದ. ಹಸಿರು ಹೋಗಿ ಕೆಂಪು ಕಾಣಸ್ತದ, ಅಷ್ಟ," ಎಂದಳು. ನನ್ನ ತಲೆಗೇನೋ ತಿಳಿಯಿತು. ಹೊಟ್ಟೆಯೊಳಗಿನ ಅಂಜಿಕೆಗೆ ಸಸ್ಯಶಾಸ್ತ್ರ ಹತ್ತಲಿಲ್ಲ.

ಕುಬಸದ ದಿನ ಬಂತು. ಏಳನೆಯ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಉಡಿ ತುಂಬುತ್ತೇವಲ್ಲ, ಅದಕ್ಕೆ ಅಂಗಳದಲ್ಲೇ ಮಣೆ ಹಾಕುವುದೆಂದಾಗಿತ್ತು. ಅಷ್ಟು ಹಸಿರಿನ ನಡುವೆ ಅವಳ ಉಡಿಗೆ ಕೆಂಪೆಲೆ ಬಿದ್ದರೆ? ಬೆಳಗಾಗುತ್ತಲೇ ಸ್ಟೂಲು ಹತ್ತಿ ಕೆಂಪು ಕಂಡದ್ದನ್ನೆಲ್ಲ ಕೀಳತೊಡಗಿದೆ. ಕೆಲವು ಮುಟ್ಟಿದೊಡನೆ ಕೈಗೆ ಬಂದವು. ಅರೆಗೆಂಪಿನವು ಜಪ್ಪಯ್ಯ ಎನ್ನಲಿಲ್ಲ; ಜೋರಾಗಿ ಎಳೆದರೆ ಸಿಪ್ಪೆ ಸಮೇತ ಹರಿದು ಬಂದವು.

"ಕೆಳಗ ಇಳೀರಿ." ಸುಮಂಗಲಾ ಬಾಗಿಲಲ್ಲಿ ನಿಂತಿದ್ದಳು. ಬಯ್ಯಲಿಲ್ಲ. ಹತ್ತಿರ ಬಂದು ಟೊಂಗೆ ಬಗ್ಗಿಸಿ ತೋರಿಸಿದಳು. "ಇದು ಹಣ್ಣಾಗಿದ್ದ ಎಲಿ. ಉದುರೂ ಮೊದಲ ಗಿಡ ತೊಟ್ಟಿನ ಬುಡಕ್ಕ ಬಾಗಲಾ ಹಾಕ್ಕೊಂಡದ, ಗಾಯ ಇಲ್ಲ. ಇದು ನೀವು ಕಿತ್ತದ್ದು. ಇನ್ನೂ ಹಸಿ ಅದ ನೋಡ್ರಿ." ಟೊಂಗೆ ಬಿಟ್ಟು ಅಂದಳು: "ನನಗೂ ಭಾಳ ಅಂಜಿಕಿ ಅದ. ಆದ್ರ ಜಗ್ಗಿದರ ಏನೂ ನಿಲ್ಲೂದಿಲ್ರಿ."

ಆರತಿಯ ಹೊತ್ತಿಗೆ ಎಲೆಯೊಂದು ಬಿದ್ದೇ ಬಿದ್ದಿತು, ಸರಿಯಾಗಿ ಅವಳ ಉಡಿಗೆ. ತೆಗೆಯಲೆಂದು ನಾನು ಮುಂದೆ ಬಂದೆ. ಅವಳು ಅದನ್ನೆತ್ತಿ ಬೀಸಣಿಗೆಯಂತೆ ಗಾಳಿ ಹಾಕಿಕೊಂಡಳು.

ಗಿಡ ಪೂರ್ತಿ ಬೋಳಾಯಿತು. ಮತ್ತೆ ಚಿಗುರಿ ಅಂಗಳಕ್ಕೆ ನೆರಳು ಬಂದ ಮೇಲೆ ಮಗಳು ಹುಟ್ಟಿದಳು.

ಆ ಮಗಳು ಈಗ ಹೆಲ್ಮೆಟ್ ಹಾಕಿಕೊಂಡು ಗಾಡಿ ಚಾಲೂ ಮಾಡಿದ್ದಾಳೆ. ಟ್ರಕ್ಕುಗಳಿರ್ತಾವ, ಘಾಟಿನ ಕಡೆ ಹೋಗಬ್ಯಾಡ, ಮುಟ್ಟಿದ ಕೂಡಲೇ ಫೋನ್ ಮಾಡು ಎಂದು ನಾನು ಹೇಳುತ್ತಲೇ ಇದ್ದೇನೆ. ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ.

"ಅಪ್ಪಾ," ಅವಳು ಹಿಂತಿರುಗಿ ನೋಡಿದಳು, "ಕೈ ಬಿಡು."

ನೋಡಿದರೆ, ಒಂದು ಕೈಯಲ್ಲಿ ಎಲೆ, ಇನ್ನೊಂದರಲ್ಲಿ ಗಟ್ಟಿಯಾಗಿ ಹಿಡಿದ ಸ್ಕೂಟರಿನ ಹಿಂದಿನ ಕಂಬಿ. ಎಲೆಯ ತೊಟ್ಟಿನ ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದೆ. ಒಣಗಿತ್ತು.

ಕಂಬಿ ಬಿಟ್ಟೆ.