ಬೀಡಿ ವಾಸನೆ ಆಗದವಳು

ನನಗೆ ಅನುಮಾನ ಹುಟ್ಟುಗುಣ. ಹಾಲಿನವಳು ಅಳೆಯುವಾಗ ಪಾವಿನೊಳಗೆ ಇಣುಕುತ್ತಿದ್ದೆ, ಸಂತೆಯಲ್ಲಿ ತಕ್ಕಡಿಯ ತಳ ಮುಟ್ಟಿ ನೋಡುತ್ತಿದ್ದೆ. ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಗೆ ಬರುವ ಬಳೆಗಾರ ನನ್ನನ್ನು ಕಂಡರೆ ಮೊದಲೇ ಸರಿಯಾದ ಬೆಲೆ ಹೇಳಿಬಿಡುತ್ತಿದ್ದ. ಹಾಗಿದ್ದೂ ಗಂಡನ ಮೇಲೆ ಮಾತ್ರ ಅನುಮಾನಪಟ್ಟವಳಲ್ಲ. ಹಗಲೆಲ್ಲ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿರುವ ಮನುಷ್ಯ ಎಲ್ಲಿಗೆ ಹೋದಾನು ಎಂಬ ಧೈರ್ಯ ನನ್ನದು.

ಎಪ್ಪತ್ತರ ದಶಕದಲ್ಲಿ, ಯಳಂದೂರಿನಾಚೆಯ ಬೆಟ್ಟದ ಕಾಡನ್ನು ವನ್ಯಧಾಮ ಮಾಡಿದ ಹೊಸತರಲ್ಲಿ, ಆ ಧೈರ್ಯ ಕೈಕೊಟ್ಟಿತು. ನಮ್ಮವರ ಬಾಲ್ಯದ ಗೆಳೆಯನೊಬ್ಬ ಅಲ್ಲಿ ಫಾರೆಸ್ಟ್ ವಾಚರ್ ಆಗಿದ್ದ. ಯಳಂದೂರಿನ ಅಂಗಡಿಗೆ ಸೀರೆ ಕೊಡಲು ಹೋದಾಗಲೆಲ್ಲ ಇವರು ಅವನನ್ನು ನೋಡಿ ಬರುತ್ತಿದ್ದರು. ಅದೇನೂ ತಪ್ಪಲ್ಲ. ಆದರೆ ಬರಬರುತ್ತ ಸೀರೆ ಮುಗಿಯದಿದ್ದರೂ ಯಳಂದೂರಿಗೆ ಹೊರಡತೊಡಗಿದರು. ಸಂಜೆ ಪಂಚೆಯ ಅಂಚಿನ ತುಂಬ ಉತ್ರಾಣಿ ಮುಳ್ಳು ಅಂಟಿಸಿಕೊಂಡು ಬರುತ್ತಿದ್ದರು.

"ಪೇಟೆ ಬೀದೀಲಿ ಉತ್ರಾಣಿ ಬೆಳ್ದದಾ?" ಎಂದು ಮುಳ್ಳು ಕೀಳುತ್ತಲೇ ಕೇಳಿದೆ.

"ಕಾಡ್ಗೆ ಓಗಿದ್ದೆ ಕಣೆ. ಪ್ರಾಣಿ ನೋಡಕ್ಕೆ."

ಬಸ್ಸಿಗೆ ಕಾಸು ಕೊಟ್ಟು ಹೋಗಿ ಪ್ರಾಣಿ ನೋಡುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಮ್ಮ ಬೀದಿಯಲ್ಲಿ ಎಮ್ಮೆಗಳಿಗೇನು ಕಡಿಮೆಯಿತ್ತೆ? ಮುಂದೆ ಒಂದು ವಾರಕ್ಕೆ ಬೀಡಿಯೂ ನಿಂತಿತು. ಮದುವೆಯಾದಾಗಿನಿಂದ ನಾನು ಬೈದು, ಅತ್ತು, ಬೇಡಿಕೊಂಡರೂ ಬಿಡದ ಬೀಡಿ. ಮನೆ ದೇವರಿಗೆ ಕೈ ಮುಗಿದೆ. ಆದರೆ ಒಳಗೊಳಗೇ, ಇದರಲ್ಲೇನೋ ಇದೆ ಅನ್ನಿಸಿತು.

ಗೌರಿ ಹಬ್ಬ ಕಳೆದು ಮಾರ್ನಮಿ ಇನ್ನೂ ಬಂದಿರಲಿಲ್ಲ. ಮಳೆ ಬಿಡುವು ಕೊಟ್ಟು ಎಳೆ ಬಿಸಿಲು ಬಿದ್ದಿತ್ತು. ಆ ವಾಚರ್ ಸಂತೆಗೆ ಬಂದವನು ನಮ್ಮ ಜಗುಲಿಯಲ್ಲಿ ಕೂತ. ನಾನು ಒಳಗೆ ರಾಟೆ ತಿರುಗಿಸಿ ಕಂಡಿಕೆಗೆ ರೇಷ್ಮೆ ಎಳೆ ಸುತ್ತುತ್ತಿದ್ದೆ. ಇವರ ದನಿ ತಗ್ಗಿದಾಗ ರಾಟೆ ನಿಲ್ಲಿಸಿದೆ.

"ಅವ್ಳು ಬಂದಿದ್ಲಾ?"

"ಬಂದಿದ್ಲು ಕಣ್ಲಾ. ಮಗೀನೂ ಕರ್ಕಂಡು. ಬಿಸ್ಲು ಇಳಿಯೋಗಂಟ ಕೆರೆತಾವೇ ನಿಂತಿದ್ಲು."

"ನಾನು ಬೀಡಿ ಬುಟ್ಬುಟ್ಟೆ ಕಣ್ಲಾ. ಅವ್ಳಿಗೆ ಆ ವಾಸ್ನೆ ಆಗಾಕಿಲ್ವಲ್ಲ."

ಎಳೆ ಕಿತ್ತು ಕೈಗೆ ಬಂತು. ನಮ್ಮ ಕಡೆ ಗಂಡ ಹೆಂಡತಿಯ ಹೆಸರು ಹಿಡಿಯುವುದಿಲ್ಲ, ಹೆಂಡತಿಯೂ ಗಂಡನ ಹೆಸರು ಹೇಳುವುದಿಲ್ಲ. ನಾನು ಈ ಮನೆಗೆ ಬಂದಾಗಿನಿಂದ ಇವರ ಬಾಯಲ್ಲಿ 'ಅವ್ಳು' ಅಂದರೆ ನಾನು. ಅಕ್ಕಪಕ್ಕದ ಹೆಂಗಸರೆಲ್ಲ ಇಂಥವನ ಹೆಂಡತಿ, ಇಂಥವಳ ತಾಯಿ. ಹೆಸರಿಲ್ಲದ ಬರೀ 'ಅವ್ಳು' ಒಬ್ಬಳೇ. ಆ ಜಾಗಕ್ಕೆ ಇನ್ನೊಬ್ಬಳು ಬಂದಿದ್ದಳು, ಮಗುವಿನ ಸಮೇತ.

ನಾನು ಅಳಲಿಲ್ಲ. ಕಣ್ಣಾರೆ ಕಾಣಬೇಕು, ಕಂಡರೆ ಮಗಳನ್ನು ಕರೆದುಕೊಂಡು ಮಧುವನಹಳ್ಳಿಯ ತವರಿಗೆ ಹೋಗಿಬಿಡಬೇಕು, ಮತ್ತೆ ಈ ಹೊಸಿಲು ತುಳಿಯಬಾರದು ಎಂದು ನಿರ್ಧರಿಸಿದೆ. ವಾಚರ್ ಎದ್ದು ಹೋದ ಮೇಲೆ, "ನಾನೂ ಪ್ರಾಣಿ ನೋಡ್ಬೇಕು" ಅಂದೆ. ಇವರು ಹೆದರುತ್ತಾರೆ ಅಂದುಕೊಂಡಿದ್ದೆ. ಮುಖ ಅರಳಿತು. ಎಂಥ ಕಳ್ಳ ಇರಬೇಕು ಅನ್ನಿಸಿತು ನನಗೆ.

ಹೊರಡುವ ಬೆಳಿಗ್ಗೆ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದು ನಾನು ಮಲ್ಲಿಗೆ ದಂಡೆ ಕೈಗೆತ್ತಿಕೊಂಡಾಗ, "ಇವತ್ತು ಊ ಮುಡೀಬ್ಯಾಡ ಕಣೆ" ಅಂದರು. ಮುತ್ತೈದೆಗೆ ಗಂಡನೇ ಹೇಳುವ ಮಾತೇ ಇದು! ಯಾಕೆ ಎಂದೂ ಕೇಳಲಿಲ್ಲ. ಮುಡಿಯುತ್ತಿದ್ದುದು ಒಂದು ಮೊಳ. ಅಂದು ಎರಡು ಮೊಳ ಮುಡಿದೆ.

ಮಾಂಬಳ್ಳಿಯಲ್ಲಿ ಒಬ್ಬಳು ಕೂಸನ್ನೆತ್ತಿಕೊಂಡು ಬಸ್ಸು ಹತ್ತಿದಳು. ಇವರು ಎದ್ದು ಜಾಗ ಕೊಟ್ಟರು. ನಾನು ಆ ಕೂಸಿನ ಕಿವಿಯನ್ನೇ ನೋಡಿದೆ, ಇವರ ಕಿವಿಯ ಹಾಗೆ ಅಗಲವಾಗಿದೆಯೋ ಎಂದು. ಕೂಸು ನನ್ನ ಸೆರಗಿನ ಮೇಲೆ ಸೀನಿತು. ಅವಳು ಯಳಂದೂರಿನಲ್ಲಿ ಇಳಿದು ಹಿಂತಿರುಗಿಯೂ ನೋಡದೆ ಹೋದಳು.

ಬೆಟ್ಟದ ಬಸ್ಸಿನಿಂದ ನಡುದಾರಿಯಲ್ಲಿ ಇಳಿದೆವು. ವಾಚರ್ ಕಾದಿದ್ದ. ನನ್ನ ತಲೆಯ ಹೂ ನೋಡಿದ, ಗೆಳೆಯನ ಮುಖ ನೋಡಿದ. ಆ ನೋಟವನ್ನೂ ನಾನು ಗುರುತು ಹಾಕಿಕೊಂಡೆ. ಆಳೆತ್ತರ ಬೆಳೆದ ಹುಲ್ಲಿನ ನಡುವೆ ಕಾಲುದಾರಿ. ಗರಿ ಉದುರಿದ ಗಂಡು ನವಿಲೊಂದು ಮದುವೆ ಮುಗಿದ ಮನೆಯಂತೆ ಬೋಳಾಗಿ ಅಡ್ಡ ಹಾಯಿತು. ಕೆರೆಯ ಮೇಲುಗಡೆ ಒಂದು ಬಂಡೆಯ ಹಿಂದೆ ವಾಚರ್ ನಮ್ಮನ್ನು ಕೂರಿಸಿದ. ಕೆರೆ ತುಂಬಿತ್ತು. ಕಡವೆಗಳು ಬಂದು ನೀರು ಕುಡಿದು ಹೋದವು. ನನ್ನ ಕಣ್ಣು ಕಡವೆಯ ಮೇಲಿರಲಿಲ್ಲ. ಯಾವ ಸಂದಿಯಿಂದ ಸೀರೆಯ ಬಣ್ಣ ಕಂಡೀತು ಎಂದು ಕಾಯುತ್ತಿದ್ದೆ. ಸೌದೆ ಆಯುವವಳೋ, ಜೇನು ಮಾರುವವಳೋ, ಯಾರಾದರೂ ಸರಿ, ಅವಳಿಗೆ ಹೇಳಬೇಕಾದ ಮಾತುಗಳನ್ನೆಲ್ಲ ಒಳಗೇ ಜೋಡಿಸಿಟ್ಟುಕೊಂಡಿದ್ದೆ.

ಇವರು ನನ್ನ ಮೊಣಕೈ ಹಿಡಿದರು. "ಬಂದ್ಲು."

ಆಚೆ ದಡದ ಬಿದಿರು ಅಲುಗಿ ಆನೆಯೊಂದು ಹೊರಗೆ ಬಂತು. ಹೊಟ್ಟೆಯಡಿಯಲ್ಲಿ ಅದರ ಮರಿ.

"ಯಾರು?" ಅಂದೆ, ದಡ್ಡಿಯ ಹಾಗೆ.

"ಕಾಡೊಳ್ಗೆ ಅದ್ರ ಎಸ್ರು ಇಡೀಬಾರ್ದು ತಂಗ್ಯವ್ವ" ಎಂದು ವಾಚರ್ ಪಿಸುಗುಟ್ಟಿದ. "ಎಸ್ರಿಡುದ್ರೆ ಎದ್ರುಗೇ ಬತ್ತದೆ. ಅದ್ಕೇ ಅವ್ಳು ಅಂತೀವಿ."

ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು. ನಾನು ಆನೆಯನ್ನು ಬಿಟ್ಟು ಇವರ ಮುಖ ನೋಡಿದೆ. ಹಬ್ಬಕ್ಕೆ ನಾನು ಹೊಸ ಸೀರೆ ಉಟ್ಟು ಎದುರಿಗೆ ನಿಂತರೆ, ಅಂಚು ನೆಟ್ಟಗೆ ಬಂದಿದೆಯೇ ಎಂದು ಸೀರೆಯನ್ನೇ ನೋಡುವ ಮನುಷ್ಯ. ಆ ಮುಖದಲ್ಲಿ ಅಂಥ ಬೆಳಕನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ಹೆಂಗಸಾಗಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಇದರ ಜೊತೆ ಏನು ಮಾಡಲಿ? ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು.

ಗಾಳಿ ತಿರುಗಿತು. ಅದು ಸೊಂಡಿಲೆತ್ತಿ ನಮ್ಮ ಕಡೆಗೆ ಚಾಚಿತು, ನನ್ನ ಎರಡು ಮೊಳ ಮಲ್ಲಿಗೆಯ ಕಡೆಗೆ. ಮರುಗಳಿಗೆ ಮರಿಯನ್ನು ಮುಂದೆ ದೂಡಿಕೊಂಡು ಬಿದಿರೊಳಗೆ ಸೇರಿಬಿಟ್ಟಿತು. ಅಷ್ಟು ದೊಡ್ಡ ಮೈ, ಒಂದಿಷ್ಟೂ ಸದ್ದಿಲ್ಲ.

ಇವರು ಬೈಯಲಿಲ್ಲ. ಖಾಲಿ ದಡವನ್ನೇ ನೋಡುತ್ತ ನಿಂತಿದ್ದರು. ವಾಚರ್ ದಾರಿ ನೋಡಲು ಮುಂದೆ ಹೋದ ಮೇಲೆ ಕೇಳಿಯೇಬಿಟ್ಟೆ: "ನಾನು ಬುಟ್ಟೋದ್ರೂ ಇಂಗೇ ನೋಡ್ತಾ ನಿಂತ್ಕತೀರಾ?"

ಇವರು ನನ್ನ ಕಡೆ ತಿರುಗಿ ನಕ್ಕರು. ಕಪಟವಿಲ್ಲದ, ಅಚ್ಚರಿಯ ನಗು.

"ನೀನೆಲ್ಲಿಗೆ ಓಯ್ತೀಯೆ?"

ತವರಿಗೆ ಹೊರಟುನಿಂತ ಮನಸ್ಸಿನಲ್ಲೇ ನಾನು ಅಲ್ಲಿಯವರೆಗೆ ಬಂದಿದ್ದೆ. ಅದು ಇವರಿಗೆ ಗೊತ್ತೇ ಆಗಿರಲಿಲ್ಲ. ನಾನು ಇವರ ಪಂಚೆಯನ್ನು, ಮಾತನ್ನು, ಬಸ್ಸಿನಲ್ಲಿ ಎದ್ದು ಕೊಟ್ಟ ಜಾಗವನ್ನೂ ಅನುಮಾನಿಸಿದ್ದೆ. ಇವರಿಗೆ ನನ್ನ ಮೇಲೆ ಇಷ್ಟು ವರ್ಷದಲ್ಲಿ ಒಂದು ಸಲವೂ ಅನುಮಾನ ಬಂದಿರಲಿಲ್ಲ. ಒಂದು ಸಲವಾದರೂ ಬರಬಾರದಿತ್ತೆ ಅನ್ನಿಸಿತು.