ಬೆನ್ನಗಲ ಉಳಿದ ನೇರಳೆ

ತಾನು ಹಾಳುಗೆಡವಿದ್ದು ಇನ್ನೊಬ್ಬರ ದೆಸೆಯಿಂದ ಉಳಿದುಕೊಂಡರೆ, ‘ನೋಡಿದ್ರಾ, ಏನೂ ಆಗ್ಲಿಲ್ಲ’ ಅಂತ ಎದೆ ಸೆಟೆಸುವ ಜನರನ್ನು ಕಂಡರೆ ನನಗೆ ವಾಕರಿಕೆ. ಬೆಟ್ಟಮ್ಮನ ಊರಿನ ಗೌಡ ಚಿಕ್ಕಯ್ಯ ಅಂಥವನು.

ಬೆಟ್ಟಮ್ಮ ಕಮ್ಮಾರ ಕಾಳಪ್ಪನ ಹೆಂಡತಿ. ಈಗ ಪಾಂಡವಪುರ ಅನ್ನುತ್ತೇವಲ್ಲ, ಆಗಿನ ಹಿರೋಡೆ, ಅದರ ಪಕ್ಕದ ಹಳ್ಳಿ. 1792ರ ಬೇಸಿಗೆ. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ್ದ ಇಂಗ್ಲಿಷರ ದಂಡು ಹೊರಟುಹೋಗಿತ್ತು. ಸತ್ತ ಎತ್ತುಗಳನ್ನೂ ತನ್ನ ಹೇಲನ್ನೂ ಹಳ್ಳಕ್ಕೆ ಬಿಟ್ಟು ಹೋಗಿತ್ತು. ಆ ನೀರು ಕುಡಿದ ಊರಿಗೆ ರಕ್ತಭೇದಿ ಹತ್ತಿತು.

ಹಳ್ಳದ ದಂಡೆಯಲ್ಲೊಂದು ನೇರಳೆ ಮರ. ಬರಗಾಲದಲ್ಲೂ ಎಲೆ ಬಾಡಿಸಿದ್ದಲ್ಲ. ಅದರ ತೊಗಟೆಯ ಚಕ್ಕೆ ಕುದಿಸಿದ ಒಗರು ಕಷಾಯವನ್ನು ವಸಡಿನ ಹುಣ್ಣಿಗೆ ಮುಕ್ಕಳಿಸಲು, ಭೇದಿಗೆ ಕುಡಿಯಲು ಕೊಡುವುದನ್ನು ಬೆಟ್ಟಮ್ಮ ಅತ್ತೆಯಿಂದ ಕಲಿತಿದ್ದಳು. ಅತ್ತೆಯ ಕಟ್ಟಳೆಯೂ ಇತ್ತು: ಅಂಗೈ ಅಗಲಕ್ಕಿಂತ ಹೆಚ್ಚು ಕೀಳಬಾರದು, ಕಿತ್ತ ಗಾಯಕ್ಕೆ ಸಗಣಿ, ಕೆಮ್ಮಣ್ಣು ಮೆತ್ತಬೇಕು, ಮಾಯುವ ತನಕ ಆ ಮಗ್ಗುಲು ಮುಟ್ಟಬಾರದು. ಗೌಡನ ಹೆಂಡತಿ ಪಾರ್ವತಮ್ಮ ಎದ್ದು ಕೂತದ್ದೂ ಆ ಕಷಾಯದಿಂದಲೇ.

ಅದನ್ನು ಕಂಡ ಗೌಡನಿಗೆ ಹೊಳೆದದ್ದೇನು? ಎಲ್ಲರೂ ಕಿತ್ತರೆ ನಮ್ಮ ಮನೆಗೇನು ಉಳೀತದೆ ಅಂತ! ಆಳುಗಳಿಗೆ ಕೊಡಲಿ ಕೊಟ್ಟು ಕರೆದುಕೊಂಡು ಹೋದ. ಹಿಂದಿನ ದಿನ ಆ ಕೊಡಲಿಗಳನ್ನು ಮಸೆದುಕೊಟ್ಟವನು ಕಾಳಪ್ಪನೇ. ಯಾಕೆ ಅಂತ ಕೇಳಲಿಲ್ಲ. ಗೌಡನ ಕಣದಿಂದ ಸುಗ್ಗಿಗೆ ಬರುವ ರಾಗಿ ನಿಂತುಹೋದರೆ?

ಬೆಟ್ಟಮ್ಮ ಓಡಿಬರುವಷ್ಟರಲ್ಲಿ ಬೊಡ್ಡೆಯನ್ನು ಮುಕ್ಕಾಲು ಸುತ್ತು ಸುಲಿದಿದ್ದರು.

“ಸುತ್ತಾ ಸುಲುದ್ರೆ ಮರ ಸತ್ತೋಯ್ತದೆ ಗೌಡ್ರೇ!”

“ಬರದಲ್ಲೇ ಸಾಯ್ದೆ ಇದ್ದುದ್ದು ಇದ್ಕೆ ಸತ್ತದಾ? ಕುಲುಮೇಲಿ ತಿದಿ ಒತ್ತೋಳು ನಂಗೆ ಮರದ್ ಪಾಠ ಏಳ್ತಾವ್ಳೆ. ಸರ್ಕಮ್ಮಿ ಅತ್ಲಾಗೆ!”

ಅವಳು ಸರಿಯಲಿಲ್ಲ. ಉಳಿದ ಕಾಲು ಸುತ್ತಿಗೆ ಬೆನ್ನು ಕೊಟ್ಟು ನಿಂತಳು. “ಮೊದ್ಲು ನನ್ ಚಕ್ಕೆ ಸುಲೀರಿ.”

ಆಳುಗಳು ಕೊಡಲಿ ಇಳಿಸಿದರು. ಅವರಲ್ಲಿ ಇಬ್ಬರ ಮಕ್ಕಳು ಅವಳ ಕಷಾಯದಿಂದ ಬದುಕಿದ್ದವು.

“ಓಗ್ಲಿ ಬುಡ್ರಲಾ, ಅಟ್ಟ ತುಂಬೋವಷ್ಟಾಯ್ತು,” ಅಂದ ಗೌಡ.

ವರ್ಷವೆಲ್ಲ ಬೆಟ್ಟಮ್ಮ ಆ ಗಾಯಕ್ಕೆ ಸಗಣಿ ಮೆತ್ತಿದಳು. ಸುಲಿದ ಮಗ್ಗುಲ ಕೊಂಬೆಗಳು ಒಣಗಿ ಬಿದ್ದವು. ಬೆನ್ನಗಲ ಚಕ್ಕೆ ಉಳಿದ ಮಗ್ಗುಲು ಚಿಗುರಿತು. ಗೌಡ ಕಟ್ಟೆ ಮೇಲೆ ಕೂತು, “ಸಾಯ್ತದೆ ಅಂತ ಬಾಯ್ ಬಡ್ಕೊಂಡ್ಲಲ್ಲ, ಸತ್ತೋಯ್ತೇನ್ರಲಾ?” ಅಂದ. ಊರು ನಕ್ಕಿತು. ಕಷಾಯ ಕುಡಿದ ಬಾಯಿಗಳೇ ನಕ್ಕವು. ಥೂ!

ಹಸಿಯಾಗಿಯೇ ಪೇರಿಸಿದ್ದ ಅಟ್ಟದ ಚಕ್ಕೆ ಬೂಷ್ಟು ಹಿಡಿದು ನಾತ ಹೊಡೆಯಿತು. ಗೌಡನ ತಾಯಿಗೆ ಭೇದಿ ಹತ್ತಿದಾಗ ಆಳು ಬಂದ: “ಚಕ್ಕೆ ಕೊಡ್ಬೇಕಂತೆ ಕಣಕ್ಕ.”

“ಬೆನ್ನಗಲ ಉಳುದದೆ. ಎಲ್ಲಿ ಕೀಳ್ಲಿ ಅಂತ ನಿಮ್ ಗೌಡ್ರೇ ಬಂದು ಬೆಟ್ಟು ಮಾಡಿ ತೋರುಸ್ಲಿ.”

ಗೌಡ ಬರಲಿಲ್ಲ. ಬೆಟ್ಟಮ್ಮ ಬೊಡ್ಡೆ ಮುಟ್ಟಲಿಲ್ಲ. ಒಂದು ರೆಂಬೆ ಕೊಯ್ದು, ಅದರ ಸಿಪ್ಪೆ ಕುದಿಸಿ, ತಾನೇ ಒಯ್ದು ಮುದುಕಿಗೆ ಕುಡಿಸಿದಳು. ಹಿಂತಿರುಗುವಾಗ ಗೌಡ ಜಗಲಿಯಲ್ಲಿ ನೆಂಟರಿಗೆ ಹೇಳುತ್ತಿದ್ದ: “ನಮ್ ನೇರಳೆ ಕಣ್ರಪ್ಪಾ. ನಾನು ಸುಲ್ಸುದ್ಮೇಲೆ ಇನ್ನೂ ಚೆನ್ನಾಗ್ ಚಿಗುರ್ತು.”