ಅಂಟುಪಟ್ಟಿಯ ಕೆಳಗೊಂದು ಕೋಟಿನ ಗುಂಡಿ

ಟಾಲಿನ್ ನಗರದ ಸಭಾಂಗಣ. ಬೆಳಗಿನ ಆರು ಗಂಟೆ, ಹೊರಗೆ ಫೆಬ್ರವರಿಯ ಕತ್ತಲೆ ಇನ್ನೂ ಕರಗಿಲ್ಲ. ಖಾಲಿ ವೇದಿಕೆಯ ಮೇಲೆ ಅರವತ್ತೆರಡರ ಹೆಲ್ವೆ ತಾರ್ಮಿಸ್ತೊ ಮಂಡಿಯೂರಿ, ಬಣ್ಣದ ಅಂಟುಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು ನೆಲಕ್ಕೆ ಒತ್ತುತ್ತಿದ್ದಾರೆ. ಕತ್ತರಿ ಜೇಬಿನಲ್ಲೇ ಇದೆ. "ಅದನ್ನ ತೆಗೆಯೋದ್ರೊಳಗೆ ಹಾಡೇ ಶುರುವಾಗಿರುತ್ತೆ," ಎನ್ನುತ್ತಾರೆ.

ಯುರೋಪಿನ ಗಾಯನ ಸ್ಪರ್ಧೆಗೆ ಎಸ್ಟೋನಿಯಾದ ಯಾವ ಹಾಡು ಹೋಗಬೇಕೆಂದು ಇಂದು ಸಂಜೆ ದೇಶವೇ ಟಿವಿ ಮುಂದೆ ಕೂತು ತೀರ್ಮಾನಿಸುತ್ತದೆ. ಹತ್ತು ಹಾಡು, ಹತ್ತು ಬಣ್ಣ, ನಲವತ್ತಮೂರು ಗುರುತು. ಗಾಯಕರು ನಿಲ್ಲಬೇಕಾದದ್ದು ಈ ಗುರುತುಗಳ ಮೇಲೆ. ಗೇಣು ಆಚೀಚೆಯಾದರೂ ಮುಖಕ್ಕೆ ಬೆಳಕು ಬೀಳದು. ಒಂದು ಹಾಡಿನ ಗುರುತು ಕಿತ್ತು ಮುಂದಿನದನ್ನು ಅಂಟಿಸಲು ಹೆಲ್ವೆಗೆ ಸಿಗುವುದು ನಲವತ್ತು ಸೆಕೆಂಡು.

ಇದಕ್ಕೆ ಮುಂಚೆ ಇಪ್ಪತ್ತಾರು ವರ್ಷ ಕೋಟಿನ ಕಾರ್ಖಾನೆಯಲ್ಲಿ ಹೊಲಿದವರು. ಕಾರ್ಖಾನೆ ಬಾಗಿಲು ಹಾಕಿತು, ಗಂಡ ಹಾಸಿಗೆ ಹಿಡಿದ, ಇಲ್ಲಿ ಕೆಲಸ ಸಿಕ್ಕಿತು. ಮೊದಲ ವರ್ಷ ಪ್ರತಿ ಗುರುತಿಗೂ ಎರಡು ಬೆರಳು ಜಾಗ ಹೆಚ್ಚು ಬಿಟ್ಟಿದ್ದರು. ಹತ್ತೂ ಗಾಯಕರ ಅರ್ಧ ಮುಖ ಕತ್ತಲಲ್ಲಿ. "ಬಟ್ಟೆ ಅಂದ್ಮೇಲೆ ಹೊಲಿಗೆಗೆ ಅಂಚು ಬಿಡಬೇಕಲ್ಲ. ಕೈ ತಾನಾಗೇ ಬಿಡ್ತು. ಚೆನ್ನಾಗಿ ಬೈಸ್ಕೊಂಡೆ."

ಈ ಸಲದ ಚಿಂತೆ ಸಾರೆಮಾ ದ್ವೀಪದಿಂದ ಬಂದ ಹತ್ತೊಂಬತ್ತರ ಮಿರ್ಟೆಲ್. ಕನ್ನಡಕ ತೆಗೆದರೆ ಅವಳಿಗೆ ತನ್ನ ಕಾಲೇ ಕಾಣದು; ಹಾಕಿದರೆ ಗಾಜು ಮಿನುಗುತ್ತದೆಂದು ಕ್ಯಾಮೆರಾದವರು ಒಪ್ಪುವುದಿಲ್ಲ. ಹಾಡುವುದು ಬರಿಗಾಲಲ್ಲಿ. ಕೊನೆಯ ಚರಣಕ್ಕೆ ನಡೆದುಬಂದು ಹಳದಿ ಗುರುತಿನಲ್ಲಿ ನಿಂತರೆ, ಬೆನ್ನ ಹಿಂದೆ ಬೆಂಕಿ ಏಳುತ್ತದೆ. ನಿನ್ನೆ ಎರಡು ಹೆಜ್ಜೆ ಹಿಂದೆಯೇ ನಿಂತುಬಿಟ್ಟಳು. ಬೆಂಕಿಯ ಹೊಣೆ ಹೊತ್ತವನು ಕಡೇ ಗಳಿಗೆಯಲ್ಲಿ ತಡೆದಿದ್ದರಿಂದ ಕೂದಲು ಉಳಿಯಿತು. ಹುಡುಗಿ ರಾತ್ರಿ ಊಟ ಮಾಡಿಲ್ಲ.

ಹೆಲ್ವೆ ಹಳೇ ಡಬ್ಬಿಯಿಂದ ಕೋಟಿನ ಕಪ್ಪು ಗುಂಡಿಯೊಂದನ್ನು ಆರಿಸಿ ಹಳದಿ ಪಟ್ಟಿಯ ಕೆಳಗಿಟ್ಟು ಅಂಟಿಸುತ್ತಾರೆ. ವೇದಿಕೆಯ ಮೇಲ್ವಿಚಾರಕ ಆಹ್ಟೊ ಓಡಿಬರುತ್ತಾನೆ.

"ಹೆಲ್ವೆ ಅಕ್ಕಾ, ನೆಲದ ಮೇಲೆ ಉಬ್ಬು ಇರಕೂಡದು. ಮುಂದಿನ ಹಾಡಿಗೆ ಕುಣಿಯೋರು ಎಡವಿ ಬಿದ್ರೆ?"

"ಇವಳದು ಮುಗಿದ ತಕ್ಷಣ ಕಿತ್ತಾಕ್ತೀನಿ."

"ಆರು ಗುರುತು ಬೇರೆ ಅಂಟಿಸಬೇಕು. ನಿನ್ನ ಮಂಡಿ ಎದ್ದೇಳೋಕೇ ಇಪ್ಪತ್ತು ಸೆಕೆಂಡು ತಗೊಳ್ಳುತ್ತೆ."

"ಹಾಗಾದ್ರೆ ಏಳೋದೇ ಇಲ್ಲ. ತೆವಳ್ತೀನಿ."

ಆಹ್ಟೊ ತಲೆ ಕೆರೆದುಕೊಂಡು ಹೋಗುತ್ತಾನೆ. ಮಿರ್ಟೆಲ್ ಬಂದು ಕಣ್ಣುಮುಚ್ಚಿ ನಡೆದು ನೋಡುತ್ತಾಳೆ. "ಕಾಲಿಗೆ ಸಿಕ್ತು ಅಜ್ಜಿ." "ಇನ್ನೊಂದ್ಸಲ ಅಜ್ಜಿ ಅಂದ್ರೆ ಗುಂಡಿ ವಾಪಸ್ ತಗೋತೀನಿ." ಎರಡು ದಿನಗಳಲ್ಲಿ ಹುಡುಗಿ ನಕ್ಕಿದ್ದು ಇದೇ ಮೊದಲು.

ಸಂಜೆ ನೇರಪ್ರಸಾರ. ಕಪ್ಪು ಬಟ್ಟೆ ತೊಟ್ಟ ಹೆಲ್ವೆ ವೇದಿಕೆಯ ಅಂಚಿನಲ್ಲಿ ಬೋರಲು ಮಲಗಿದ್ದಾರೆ. ಮಿರ್ಟೆಲ್ ಕ್ಯಾಮೆರಾವನ್ನೇ ನೋಡುತ್ತ ನಡೆದು ಬರುತ್ತಾಳೆ. ಬರಿಗಾಲು ಗುಂಡಿಯ ಮೇಲೆ ಬಿದ್ದು ಅಲ್ಲೇ ನಿಲ್ಲುತ್ತದೆ. ಒಂದು ಮಾರು ಹಿಂದೆ ಬೆಂಕಿ ಏಳುತ್ತದೆ. ದೀಪ ಆರಿದ ಮರುಕ್ಷಣ ಹೆಲ್ವೆ ತೆವಳಿ ಒಳಬಂದು ಗುಂಡಿ ಕಿತ್ತು, ಆರು ಗುರುತು ಅಂಟಿಸಿ, ನಾಲ್ಕು ಸೆಕೆಂಡು ಉಳಿಸಿಕೊಂಡು ಹೊರಗೆ ಹೋಗುತ್ತಾರೆ.

ಫೋನಿನ ಮತಗಳಲ್ಲಿ ಮಿರ್ಟೆಲ್‌ಗೆ ನಾಲ್ಕನೇ ಸ್ಥಾನ. ಯುರೋಪಿನ ಸ್ಪರ್ಧೆಗೆ ಹೋಗುವುದು ಬೇರೆ ಹಾಡು. ಪರದೆಯ ಹಿಂದೆ ಹೆಲ್ವೆ ಕಪ್ಪು ಬ್ರೆಡ್ಡಿನ ಮೇಲೆ ಉಪ್ಪುಮೀನಿಟ್ಟು ತಿನ್ನುತ್ತಿರುವಾಗ, ಹುಡುಗಿ ಕನ್ನಡಕದೊಳಗೆ ಬೆರಳು ತೂರಿಸಿ ಕಣ್ಣೊರೆಸುತ್ತ ಬಂದು ಪಕ್ಕದಲ್ಲಿ ಕೂರುತ್ತಾಳೆ.

"ನಿಜ ಹೇಳಿ, ನನ್ನ ಹಾಡು ಹೇಗಿತ್ತು?"

ಹೆಲ್ವೆ ಬ್ರೆಡ್ಡಿನಲ್ಲಿ ಅರ್ಧ ಮುರಿದು ಅವಳ ಕೈಗಿಡುತ್ತಾರೆ. "ಕೇಳಿಸ್ಕೊಳ್ಳಲಿಲ್ಲ ಮಗಳೇ. ಹನ್ನೊಂದು ವರ್ಷದಿಂದ ಇಲ್ಲಿ ಒಂದು ಹಾಡೂ ಕೇಳಿಸ್ಕೊಂಡಿಲ್ಲ. ನಿನ್ನ ಕಾಲು ನೋಡ್ತಿದ್ದೆ. ಒಂದು ಸಲಾನೂ ತಡಕಾಡಲಿಲ್ಲ."